ಹಳೇ ಫ್ರಂಟ್ ಲೋಡ್ ಮೆಷಿನ್ ಗುಜರಿಗೆ ಹಾಕುವ ಮುಂಚೆ: ಕೋಲಾರದ ಬೋರ್ ನೀರಿನಲ್ಲಿ ಬಾಳಿಸುವುದು ಹೇಗೆ?

ಅಂತರಗಂಗೆ ರಸ್ತೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಾಷಿಂಗ್ ಮೆಷಿನ್ 2011ರದ್ದು. ಫ್ರಂಟ್ ಲೋಡ್, 6 ಕೆ.ಜಿ., ಬೆಲ್ಟ್ ಇರುವ ಮೋಟಾರ್. ಬಟ್ಟೆ ಒಗೆಯುವಾಗ ಏನೂ ತೊಂದರೆ ಇಲ್ಲ. ಸ್ಪಿನ್‌ಗೆ ಹೋದ ತಕ್ಷಣ ಗುಂಯ್ ಅಂತ ಶುರುವಾಗಿ, ವೇಗ ಏರಿದ ಹಾಗೆ ಗೋಡೆ ಅದುರುವಷ್ಟು ಸದ್ದು. ಸರ್ವಿಸ್‌ನವರು ಬಂದರು. ಹಿಂದಿನ ತಗಡೂ ಬಿಚ್ಚಲಿಲ್ಲ. ಸದ್ದು ಕೇಳಿ "ಡ್ರಮ್ ಹೋಗಿದೆ, ಪಾರ್ಟ್ ಬರಲ್ಲ, ಎಕ್ಸ್‌ಚೇಂಜ್ ಮಾಡಿಬಿಡಿ" ಅಂದು ವಿಸಿಟಿಂಗ್ ಚಾರ್ಜ್ ತೆಗೆದುಕೊಂಡು ಹೋದರು. ಕಂಪನಿ ಹೆಸರು ಇಲ್ಲಿ ಬೇಡ.

ನನಗೆ ಇದನ್ನು ಬಿಡಲು ಮನಸ್ಸಿಲ್ಲ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ನೀರೇ ಗತಿ. ಫ್ರಂಟ್ ಲೋಡ್ ಒಂದು ಒಗೆತಕ್ಕೆ 50-60 ಲೀಟರ್‌ನಲ್ಲಿ ಮುಗಿಸುತ್ತದೆ, ಟಾಪ್ ಲೋಡ್ ಅಂದರೆ ನೂರರ ಮೇಲೆ. ಹೊಸದು ತೆಗೆದುಕೊಂಡರೂ ಫ್ರಂಟ್ ಲೋಡೇ ಬೇಕು, ಅದಕ್ಕೆ ಈಗ ಅಷ್ಟು ದುಡ್ಡು ಸುರಿಯುವ ಸ್ಥಿತಿ ಇಲ್ಲ. ಎಲೆಕ್ಟ್ರಾನಿಕ್ ಬೋರ್ಡು, ಮೋಟಾರು ಎರಡೂ ಚೆನ್ನಾಗಿವೆ. ಇದನ್ನು ಉಳಿಸಬಹುದಾ? ಕೋಲಾರ, ಕೆಜಿಎಫ್ ಕಡೆ ಯಾರಾದರೂ ಮಾಡಿಸಿದ್ದರೆ ದಯವಿಟ್ಟು ಹೇಳಿ.

ರಾಬರ್ಟ್‌ಸನ್‌ಪೇಟೆ ಫಿಟ್ಟರ್

ಮೇಡಂ ಅಥವಾ ಸರ್, ಮೊದಲು ಗುಜರಿ ಮಾತು ಬಿಡಿ. ನೀವು ಹೇಳಿದ ಸದ್ದು ನೂರಕ್ಕೆ ತೊಂಬತ್ತು ಪಾಲು ಬೇರಿಂಗ್ ಸದ್ದು. ಅದು ಡ್ರಮ್ ಹೋದ ಹಾಗಲ್ಲ. ಆದರೆ ನೋಡದೆ ನಾನೂ ತೀರ್ಪು ಕೊಡಬಾರದು, ಅದಕ್ಕೇ ಮನೆಯಲ್ಲೇ ಮಾಡುವ ಪರೀಕ್ಷೆ ಹೇಳುತ್ತೇನೆ. ಉಪಕರಣ ಏನೂ ಬೇಡ, ಎರಡು ಕೈ ಒಂದು ಟಾರ್ಚ್ ಸಾಕು.

ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕಿತ್ತೇ ಬಿಡಿ. ಬಾಗಿಲು ತೆಗೆದು ಒಳಗಿನ ಸ್ಟೀಲ್ ಡ್ರಮ್‌ನ ಮೇಲಿನ ಅಂಚನ್ನು ಹಿಡಿದು ಮೇಲಕ್ಕೆ ಎತ್ತಿ ಕೆಳಕ್ಕೆ ಒತ್ತಿ. ಡ್ರಮ್, ಹೊರಗಿನ ಪ್ಲಾಸ್ಟಿಕ್ ಟಬ್ ಎರಡೂ ಒಟ್ಟಿಗೆ ಸ್ಪ್ರಿಂಗ್ ಮೇಲೆ ಆಡಿದರೆ ಸರಿ. ಟಬ್ ನಿಂತಲ್ಲೇ ನಿಂತು ಡ್ರಮ್ ಮಾತ್ರ ಕಟಕ್ ಅಂತ ಆಡಿದರೆ ಬೇರಿಂಗ್ ಸಡಿಲ. ಆಮೇಲೆ ಡ್ರಮ್ ಅನ್ನು ಕೈಯಲ್ಲಿ ನಿಧಾನ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಮರಳು ಅರೆದ ಹಾಗೆ ಕರಕರ ಅಂದರೆ ಒಳಗೆ ತುಕ್ಕು ಹಿಡಿದಿದೆ.

ಇನ್ನೊಂದು ಮುಖ್ಯ. ಡ್ರಮ್ ತಿರುಗಿಸುವಾಗ ಅದರ ಅಂಚಿಗೂ ಬಾಗಿಲ ರಬ್ಬರ್‌ಗೂ ನಡುವಿನ ಸಂದು ನೋಡುತ್ತಾ ಇರಿ. ಸುತ್ತ ಒಂದೇ ಅಳತೆ ಇದ್ದರೆ ಒಳ್ಳೆಯದು. ಒಂದು ಕಡೆ ಹತ್ತಿರ ಬಂದು ಇನ್ನೊಂದು ಕಡೆ ದೂರ ಹೋದರೆ, ಅದೂ ಹಿಂದಿನ ಪುಲ್ಲಿ, ಅಂದರೆ ಬೆಲ್ಟ್ ಓಡುವ ಚಕ್ರ, ನೆಟ್ಟಗೆ ತಿರುಗುತ್ತಿದ್ದರೆ, ಸ್ಪೈಡರ್ ಮುರಿದಿರಬಹುದು. ಸ್ಪೈಡರ್ ಅಂದರೆ ಡ್ರಮ್ ಹಿಂದೆ ಮೂರು ಕೈ ಚಾಚಿಕೊಂಡಿರುವ ಅಲ್ಯೂಮಿನಿಯಂ ಭಾಗ. ಶಾಫ್ಟ್ ಅದರ ನಡುವೆ ಕೂತಿರುತ್ತದೆ. ಬೇರಿಂಗ್ ಹೋದರೆ ಚಿಕ್ಕ ಖರ್ಚು, ಸ್ಪೈಡರ್ ಹೋದರೆ ಯೋಚನೆ ಮಾಡಬೇಕು.

ಹಿಂದಿನ ತಗಡು ಬಿಚ್ಚಿ ಟಾರ್ಚ್ ಬಿಡಿ. ಪುಲ್ಲಿ ಹಿಂದೆ ಟಬ್ ಮೇಲೆ ಕೆಂಪು ನೀರು ಇಳಿದ ಗುರುತು ಇದ್ದರೆ ಆಯಿಲ್ ಸೀಲ್ ಹೋಗಿದೆ ಅಂತ ಅರ್ಥ. ಮೊದಲು ಹೋಗುವುದು ಅದೇ. ರಬ್ಬರ್ ಸೀಲ್ ಸವೆದು ಸೋಪಿನ ನೀರು ಬೇರಿಂಗ್‌ಗೆ ನುಗ್ಗುತ್ತದೆ, ಗ್ರೀಸ್ ತೊಳೆದು ಹೋಗುತ್ತದೆ, ತುಕ್ಕು ಶುರುವಾಗುತ್ತದೆ.

ಬಂಗಾರಪೇಟೆ ಪ್ಯಾಸೆಂಜರ್

ನನ್ನ ಅಭಿಪ್ರಾಯ ಬೇರೆ. ಹತ್ತು ವರ್ಷ ದಾಟಿದ ಮೆಷಿನ್‌ಗೆ ಕೈ ಹಾಕಿದರೆ ಇವತ್ತು ಬೇರಿಂಗ್, ನಾಳೆ ಪಂಪು, ನಾಡಿದ್ದು ಬೋರ್ಡು. ದಿನಾ ಬೆಳಿಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಿಗೆ ಮೆಕ್ಯಾನಿಕ್ ಹಿಂದೆ ಓಡಾಡಲು ಸಮಯ ಎಲ್ಲಿದೆ? ಈಗಿನ ಇನ್ವರ್ಟರ್ ಮೋಟಾರ್‌ಗಳಲ್ಲಿ ಕಾರ್ಬನ್ ಬ್ರಷ್ ಇಲ್ಲ, ಸದ್ದು ಕಡಿಮೆ, ವಾರಂಟಿ ಇದೆ. ದುಡ್ಡಿನ ಜೊತೆ ಸಮಯವನ್ನೂ ಲೆಕ್ಕ ಹಾಕಬೇಕು ಅಲ್ವಾ?

ರಾಬರ್ಟ್‌ಸನ್‌ಪೇಟೆ ಫಿಟ್ಟರ್

ನಿಮ್ಮ ಲೆಕ್ಕ ನಿಮಗೆ ಸರಿ. ಸಮಯ ಇಲ್ಲದವರು ಹೊಸದು ತೆಗೆದುಕೊಳ್ಳಲಿ, ತಪ್ಪೇನಿಲ್ಲ. ಆದರೆ ಒಂದು ವಿಷಯ ತಿಳಿದು ತೆಗೆದುಕೊಳ್ಳಿ. ವಾರಂಟಿ ಹತ್ತು ವರ್ಷ ಅಂತ ದೊಡ್ಡದಾಗಿ ಬರೆದಿರುವುದು ಬಹುತೇಕ ಮೋಟಾರ್‌ಗೆ. ಬೇರಿಂಗ್, ಪಂಪ್, ಬಾಗಿಲ ರಬ್ಬರ್‌ಗೆ ಆ ಹತ್ತು ವರ್ಷ ಅನ್ವಯಿಸುವುದಿಲ್ಲ, ಕಾರ್ಡ್ ಓದಿ ನೋಡಿ. ಮೋಟಾರ್ ಯಾವತ್ತೂ ಅಷ್ಟು ಬೇಗ ಹೋಗುವುದಿಲ್ಲ. ಹೋಗುವುದು ಸೀಲ್.

ಮತ್ತೆ ಈಗಿನ ಎಷ್ಟೋ ಮೆಷಿನ್‌ಗಳಲ್ಲಿ ಪ್ಲಾಸ್ಟಿಕ್ ಟಬ್‌ನ ಎರಡು ಭಾಗವನ್ನು ಬೆಸೆದುಬಿಟ್ಟಿರುತ್ತಾರೆ. ಒಂದು ಬೇರಿಂಗ್‌ಗಾಗಿ ಟಬ್, ಡ್ರಮ್ ಎಲ್ಲ ಸೇರಿಸಿ ಪೂರ್ತಿ ಅಸೆಂಬ್ಲಿ ಬದಲಿಸಿ ಅನ್ನುತ್ತಾರೆ. ಹಳೆಯದರಲ್ಲಿ ಸುತ್ತ ಸ್ಕ್ರೂ ಅಥವಾ ಕ್ಲಿಪ್ ಇರುತ್ತದೆ, ಬಿಚ್ಚಬಹುದು. ನಾನು ಹಳೆಯದರ ಪರ ಮಾತಾಡುವುದು ಇದೊಂದೇ ಕಾರಣಕ್ಕೆ. ಬಿಚ್ಚಲು ಬರುವ ವಸ್ತು ರಿಪೇರಿಗೆ ಬರುತ್ತದೆ.

ಅಂತರಗಂಗೆ ರಸ್ತೆ

ಅಣ್ಣ, ನೀವು ಹೇಳಿದ ಹಾಗೇ ನೋಡಿದೆ. ಡ್ರಮ್ ಮಾತ್ರ ಮೇಲೆ ಕೆಳಗೆ ಆಡುತ್ತಿದೆ, ಟಬ್ ಅಲ್ಲಾಡುತ್ತಿಲ್ಲ. ಪುಲ್ಲಿ ಹಿಂದೆ ಕೆಂಪು ಗೀರು ಇದೆ, ಒಣಗಿದೆ. ಸಂದು ಸುತ್ತ ಒಂದೇ ತರ ಕಾಣುತ್ತದೆ. ಟಬ್ ಸುತ್ತ ಸ್ಕ್ರೂಗಳು ಎಣಿಸುವ ಹಾಗೆ ಸಾಲಾಗಿ ಇವೆ, ಬೆಸೆದಿಲ್ಲ. ಒಂದು ಅನುಮಾನ. ಹೀಟರ್ ಕಡೆ ಬಿಳಿ ಪುಡಿ ಪುಡಿಯಾಗಿ ಏನೋ ಉದುರಿದೆ, ಅದೇನು? ನಮ್ಮೆಜಮಾನರು ಮತ್ತು ನಾನು ಸೇರಿ ಈ ಭಾನುವಾರ ಬಿಚ್ಚೋಣ ಅಂತಿದ್ದೇವೆ. ಧೈರ್ಯ ಇದೆ, ಆದರೆ ಕ್ರಮ ಗೊತ್ತಿಲ್ಲ.

ರಾಬರ್ಟ್‌ಸನ್‌ಪೇಟೆ ಫಿಟ್ಟರ್

ಅಕ್ಕ, ಹಾಗಾದರೆ ಬಿಚ್ಚಿ. ಕ್ರಮ ಹೇಳುತ್ತೇನೆ, ಆತುರ ಮಾಡಬೇಡಿ.

ಒಂದೊಂದು ಹೆಜ್ಜೆಗೂ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಯಾವ ಬಣ್ಣದ ವೈರ್ ಎಲ್ಲಿತ್ತು ಅನ್ನೋದು ಸಂಜೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಕೈಗೆ ಗ್ಲೌಸ್ ಬೇಕೇ ಬೇಕು, ಒಳಗಿನ ತಗಡಿನ ಅಂಚು ಬ್ಲೇಡ್ ಇದ್ದ ಹಾಗೆ. ಮೊದಲು ಕೆಳಗಿನ ಫಿಲ್ಟರ್ ಬಿಚ್ಚಿ ಉಳಿದ ನೀರು ಖಾಲಿ ಮಾಡಿ. ಆಮೇಲೆ ಮೇಲಿನ ಹಲಗೆ, ಸೋಪಿನ ಡ್ರಾಯರ್, ಮುಂದಿನ ತಗಡು. ಬಾಗಿಲ ರಬ್ಬರ್ ಸುತ್ತ ತಂತಿಯ ರಿಂಗ್ ಒಂದಿರುತ್ತದೆ, ಅದರ ಸ್ಪ್ರಿಂಗ್ ಹುಡುಕಿ ಎಳೆದರೆ ಬರುತ್ತದೆ. ಟಬ್‌ಗೆ ಕಟ್ಟಿರುವ ಕಾಂಕ್ರೀಟ್ ಗಟ್ಟಿಗಳನ್ನು ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಟಬ್ ಎತ್ತಲು ಆಗುವುದಿಲ್ಲ. ಇಬ್ಬರು ಇರಲೇಬೇಕು.

ಮೋಟಾರ್, ಬೆಲ್ಟ್, ಹೀಟರ್ ವೈರ್, ಕೆಳಗೆ ಅದುರು ತಡೆಯುವ ಡ್ಯಾಂಪರ್‌ನ ಪಿನ್ ಬಿಡಿಸಿ, ಸ್ಪ್ರಿಂಗ್‌ನಿಂದ ಟಬ್ ಇಳಿಸಿ. ಪುಲ್ಲಿ ಬೋಲ್ಟ್ ಬಿಗಿ ಇರುತ್ತದೆ. ಅದರ ಹಲ್ಲಿಗೆ ಸ್ಕ್ರೂ ಅಂಟು ಹಾಕಿರುತ್ತಾರೆ, ಸ್ವಲ್ಪ ಬಿಸಿ ತೋರಿಸಿದರೆ ಬಿಡುತ್ತದೆ. ಬೋಲ್ಟ್ ಕೆಡಬಾರದು, ಸರಿಯಾದ ಅಳತೆಯ ಬಿಟ್ ಇಲ್ಲದೆ ಕೈ ಹಾಕಬೇಡಿ.

ಟಬ್ ಎರಡು ಭಾಗ ಆದ ಮೇಲೆ ಡ್ರಮ್ ಅನ್ನು ಶಾಫ್ಟ್ ಸಮೇತ ಹೊರಗೆ ತೆಗೆಯಬೇಕು. ಹಿಂದಿನ ಭಾಗದಲ್ಲಿ ಎರಡು ಬೇರಿಂಗ್ ಕೂತಿರುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ಪಕ್ಕದಲ್ಲೇ ನಂಬರ್ ಕೊರೆದಿರುತ್ತದೆ. 6204 ಅಂದರೆ ಒಳ ರಂಧ್ರ 20 ಮಿ.ಮೀ., ಹೊರಗೆ 47, ದಪ್ಪ 14. 6205 ಅಂದರೆ 25, 52, 15. 6206 ಅಂದರೆ 30, 62, 16. ಮಾದರಿ ಹೆಸರು ಹೇಳಿ ಕೇಳಿದರೆ ಪಾರ್ಟ್ ಇಲ್ಲ ಅನ್ನುತ್ತಾರೆ. ನಂಬರ್ ಹೇಳಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿಗೆ, ಇಲ್ಲ ಬೇರಿಂಗ್ ಅಂಗಡಿಗೆ ಹೋಗಿ, ಅಲ್ಲೇ ಸಿಗುತ್ತದೆ. ಎಸ್‌ಕೆಎಫ್, ಎನ್‌ಬಿಸಿ, ಎಫ್‌ಎಜಿ ಯಾವ ಕಂಪನಿಯದಾದರೂ ಸರಿ, ಆದರೆ ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ, ನಕಲಿ ಜಾಸ್ತಿ ಓಡಾಡುತ್ತದೆ. ಎರಡು ಕಡೆ ರಬ್ಬರ್ ಮುಚ್ಚಳ ಇರುವುದೇ ಬೇಕು. ಆಯಿಲ್ ಸೀಲ್ ಮೇಲೂ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಬರೆದಿರುತ್ತದೆ. ಹಳೆಯದನ್ನೇ ಜೊತೆಗೆ ತೆಗೆದುಕೊಂಡು ಹೋದರೆ ವಾದವೇ ಇಲ್ಲ.

ಹಳೇ ಬೇರಿಂಗ್ ಹೊಡೆಯುವಾಗ ಟಬ್ ಕೆಳಗೆ ಮರದ ತುಂಡು ಇಡಿ. ಪಂಚ್ ಇಟ್ಟು ಒಂದೇ ಕಡೆ ಹೊಡೆಯಬಾರದು, ಸುತ್ತಲೂ ಸರದಿಯಲ್ಲಿ ಹೊಡೆಯಬೇಕು. ಹೊಸ ಬೇರಿಂಗ್ ಅನ್ನು ಹಿಂದಿನ ರಾತ್ರಿ ಕವರ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಡಿ, ಕೂದಲೆಳೆಯಷ್ಟು ಕುಗ್ಗುತ್ತದೆ, ಸಲೀಸಾಗಿ ಕೂರುತ್ತದೆ. ಹೊಡೆಯುವುದಾದರೆ ಹೊರಗಿನ ರಿಂಗ್ ಮೇಲೆ ಮಾತ್ರ. ಒಳ ರಿಂಗ್‌ಗೆ ಪೆಟ್ಟು ಬಿದ್ದರೆ ಹೊಸ ಬೇರಿಂಗ್ ಕೂರಿಸುವಾಗಲೇ ಕೆಟ್ಟಿತು ಅಂತ ತಿಳಿಯಿರಿ.

ಕೊನೆಯದಾಗಿ, ಶಾಫ್ಟ್ ಮೇಲೆ ಹಿತ್ತಾಳೆಯ ಬಳೆ ತರ ಒಂದು ಬುಷ್ ಇರುತ್ತದೆ. ಸೀಲ್‌ನ ತುಟಿ ಅದರ ಮೇಲೆ ಉಜ್ಜಿ ಓಡಾಡುತ್ತದೆ. ಉಗುರು ಆಡಿಸಿ ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲ್ ಹಾಕಿದರೂ ನೀರು ನಿಲ್ಲುವುದಿಲ್ಲ. ಬರೀ ಬೇರಿಂಗ್ ಬದಲಿಸಿ ಆರು ತಿಂಗಳಿಗೆ ಮತ್ತೆ ಸದ್ದು ಬಂತು ಅನ್ನುವವರ ಮನೆಯಲ್ಲಿ ಬಹಳ ಸಲ ಆಗಿರುವುದು ಇದೇ.

ಮುಳಬಾಗಿಲು ದೋಸೆ

ಆ ಬಿಳಿ ಪುಡಿ ಬಗ್ಗೆ ನಾನು ಹೇಳುತ್ತೇನೆ. ಅದು ನಮ್ಮ ಜಿಲ್ಲೆಯ ಬೋರ್ ನೀರಿನ ಉಡುಗೊರೆ. ಬಚ್ಚಲ ಹಂಡೆ ತಳದಲ್ಲಿ ಕಟ್ಟುವುದೂ ಅದೇ, ಗೀಸರ್ ಕಾಯಿಲ್ ಸುಡುವುದೂ ಅದರಿಂದಲೇ. ಮೆಷಿನ್ ಹೀಟರ್ ಮೇಲೆ ಬೆರಳು ದಪ್ಪ ಕಟ್ಟಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಮೇಲೆ ಕಲ್ಲಿನ ಹಾಗೆ, ಮುರಿದರೆ ಒಳಗೆ ಪದರ ಪದರ. ಹೀಟರ್ ಒಳಗೇ ಕಾದು ಕಾದು ಸಿಡಿಯುತ್ತದೆ. ಆಗ ನೀರು ಬಿಸಿಯಾಗುವುದಿಲ್ಲ, ಇಲ್ಲಾಂದ್ರೆ ಮನೆ ಟ್ರಿಪ್ಪರ್ ಬೀಳುತ್ತದೆ.

ನಾನು ಮಾಡುವುದು ಸುಲಭ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುತ್ತಾರಲ್ಲ, ಸಿಟ್ರಿಕ್ ಆಸಿಡ್, ಅದನ್ನು ಬಟ್ಟೆ ಇಲ್ಲದ ಖಾಲಿ ಡ್ರಮ್‌ಗೆ ಹಾಕಿ ಬಿಸಿ ನೀರಿನ ಪ್ರೋಗ್ರಾಂ ಓಡಿಸುತ್ತೇನೆ. ಡ್ರೈನ್ ಪೈಪಿನಿಂದ ಬರುವ ನೀರು ಮೊದಮೊದಲು ಮಜ್ಜಿಗೆ ಬಣ್ಣ ಇರುತ್ತದೆ. ದುಬಾರಿ ಡಿಸ್ಕೇಲ್ ಪ್ಯಾಕೆಟ್ ಏನೂ ಬೇಡ.

ಮಾಲೂರು ಹೆಂಚು

ಆಸಿಡ್ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಫಿಟ್ಟರ್ ಅವರೇ ಹೇಳಿದರಲ್ಲ, ಸ್ಪೈಡರ್ ಅಲ್ಯೂಮಿನಿಯಂ ಅಂತ. ಆಸಿಡ್ ಅಲ್ಯೂಮಿನಿಯಂ ತಿನ್ನುವುದಿಲ್ವಾ? ಹೀಟರ್ ಉಳಿಸಲು ಹೋಗಿ ಸ್ಪೈಡರ್ ಕಳೆದುಕೊಂಡರೆ ಏನು ಬಂತು? ನಮ್ಮ ಮನೆಯಲ್ಲಿ ತಣ್ಣೀರಿನಲ್ಲೇ ಒಗೆಯುತ್ತೇವೆ. ಹೀಟರ್ ಆನ್ ಆಗದಿದ್ದರೆ ಪೊರೆ ಎಲ್ಲಿಂದ ಕಟ್ಟುತ್ತದೆ?

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆದರೆ ಬೇಸರ ಬೇಡ.

ನಮ್ಮ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬನೇಟ್ ಕರಗಿಕೊಂಡಿರುತ್ತದೆ. ಕಾಯಿಸಿದಾಗ ಅದು ಒಡೆದು ಕರಗದ ಕಾರ್ಬನೇಟ್ ಆಗಿ ಬಿಸಿ ಇರುವ ಜಾಗಕ್ಕೇ ಅಂಟುತ್ತದೆ. ಹಾಗಾಗಿ ತಣ್ಣೀರಿನಲ್ಲಿ ಒಗೆದರೆ ಹೀಟರ್ ಪೊರೆ ಕಡಿಮೆ ಅನ್ನುವುದು ನಿಜ. ಆದರೆ ತಣ್ಣೀರಿನಲ್ಲಿ ಇನ್ನೊಂದು ತೊಂದರೆ. ಗಡಸು ನೀರು ಸೋಪಿನ ಜೊತೆ ಸೇರಿ ಜಿಡ್ಡಾದ ಬಿಳಿ ಗಸಿ ಆಗುತ್ತದೆ. ಅದು ಟಬ್ ಹಿಂದೆ, ರಬ್ಬರ್ ಮಡಿಕೆಯಲ್ಲಿ, ನೀರಿನ ಮಟ್ಟ ಅಳೆಯುವ ಪ್ರೆಷರ್ ಸ್ವಿಚ್‌ನ ಸಣ್ಣ ಟ್ಯೂಬಿನಲ್ಲಿ ಕೂರುತ್ತದೆ. ಮುಗ್ಗಲು ವಾಸನೆ ಬರುವುದು ಅದರಿಂದ. ಅದಕ್ಕೇ ಯಾವಾಗಲೂ ತಣ್ಣೀರೇ ಬೇಡ, ಆಗಾಗ ಒಂದು ಸಲ ಬಿಸಿ ಓಡಿಸಬೇಕು.

ಕುಡಿಯುವ ನೀರಿನ ಭಾರತೀಯ ಮಾನದಂಡ, ಐಎಸ್ 10500, 2012ರದ್ದು, ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ. ಇದ್ದರೆ ಒಳ್ಳೆಯದು, ಬೇರೆ ನೀರಿನ ದಾರಿ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಅನ್ನುತ್ತದೆ. ಅದು ಕುಡಿಯಲು. ಮೆಷಿನ್ ದೃಷ್ಟಿಯಿಂದ 300 ದಾಟಿದರೇ ಗಡಸು ಜಾಸ್ತಿ ಅಂತ ಲೆಕ್ಕ. ಟಿಡಿಎಸ್ ಪೆನ್ ತೋರಿಸುವುದು ಗಡಸುತನ ಅಲ್ಲ, ಕರಗಿದ ಎಲ್ಲ ಲವಣ. ಗಡಸುತನಕ್ಕೆ ಬೇರೆ ಕಿಟ್ ಬರುತ್ತದೆ, ಹನಿ ಹಾಕಿ ಬಣ್ಣ ಬದಲಾಗುವುದನ್ನು ನೋಡುವುದು. ಯರಗೋಳ್ ಅಣೆಕಟ್ಟಿನ ನೀರು ಬರುವ ಮನೆ, ಬೋರ್ ನೀರಿನ ಮನೆ, ಟ್ಯಾಂಕರ್ ನೀರಿನ ಮನೆ ಮೂರಕ್ಕೂ ಒಂದೇ ಔಷಧಿ ಆಗುವುದಿಲ್ಲ. ಮೊದಲು ನಿಮ್ಮ ನಲ್ಲಿ ನೀರು ಪರೀಕ್ಷೆ ಮಾಡಿ.

ಈಗ ಸಿಟ್ರಿಕ್ ಆಸಿಡ್. ಅದು ದುರ್ಬಲ ಆಸಿಡ್. ಎರಡು ಮೂರು ತಿಂಗಳಿಗೆ ಒಂದು ಸಲ 100 ಗ್ರಾಂ, 60 ಡಿಗ್ರಿ, ಆಮೇಲೆ ಒಂದು ಖಾಲಿ ರಿನ್ಸ್. ಇಷ್ಟರಿಂದ ಸ್ಪೈಡರ್‌ಗೆ ಹೇಳಿಕೊಳ್ಳುವ ಹಾನಿ ಇಲ್ಲ. ನಿಜ ಹೇಳಬೇಕೆಂದರೆ ಅಲ್ಯೂಮಿನಿಯಂಗೆ ಕ್ಷಾರವೂ ಶತ್ರುವೇ, ಡಿಟರ್ಜೆಂಟ್ ನೀರು ಕ್ಷಾರವೇ. ಒಗೆದ ಮೇಲೆ ಬಾಗಿಲು ಮುಚ್ಚಿ ಒಳಗೆ ತೇವ ಬಿಟ್ಟರೆ ಸ್ಪೈಡರ್ ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತದೆ. 90 ಡಿಗ್ರಿ ಬೇಡ, ಜಾಸ್ತಿ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಬೇರೆ ಬಿಳಿ ಗಸಿ ಕೂರುತ್ತದೆ. 100 ಗ್ರಾಂ ಆಸಿಡ್ ಲೆಕ್ಕದ ಪ್ರಕಾರ ಹೆಚ್ಚೆಂದರೆ 70-80 ಗ್ರಾಂ ಪೊರೆ ಕರಗಿಸುತ್ತದೆ. ಬೆರಳು ದಪ್ಪ ಕಟ್ಟಿದ್ದರೆ ಒಂದೇ ಸಲಕ್ಕೆ ಹೋಗುವುದಿಲ್ಲ, ಹೀಟರ್ ಹೊರಗೆ ತೆಗೆದು ಬಕೆಟ್‌ನಲ್ಲಿ ನೆನೆಸುವುದೇ ವಾಸಿ.

ಇದೊಂದನ್ನು ಯಾರೂ ಮರೆಯಬೇಡಿ. ಆಸಿಡ್ ಹಾಕಿದ ದಿನ ಬ್ಲೀಚ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಚಿಕ್ಕ ಬಚ್ಚಲಲ್ಲಿ ಅದು ಪ್ರಾಣಕ್ಕೆ ಅಪಾಯ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಅಂತೂ ಮೆಷಿನ್ ಹತ್ತಿರವೂ ತರಬೇಡಿ, ಅದು ಸ್ಟೀಲ್ ಡ್ರಮ್ಮನ್ನೇ ತಿನ್ನುತ್ತದೆ.

ಮಾಲೂರು ಹೆಂಚು

ಸರ್, ವಿವರಕ್ಕೆ ಧನ್ಯವಾದ. 60 ಡಿಗ್ರಿ, ಆಮೇಲೆ ರಿನ್ಸ್, ಹೀಗೆ ಮಾಡಿದರೆ ಒಪ್ಪುತ್ತೇನೆ. ಇನ್ನೊಂದು ಸಂದೇಹ. ನಲ್ಲಿಗೆ ಹಾಕುವ ಚಿಕ್ಕ ಫಿಲ್ಟರ್ ಮಾರುತ್ತಾರಲ್ಲ, ಒಳಗೆ ಬಿಳಿ ಗುಂಡು ಇರುತ್ತದೆ. ಅದರಿಂದ ನೀರು ಮೆದುವಾಗುತ್ತದಾ?

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ

ಅದರಲ್ಲಿ ಇರುವುದು ಪಾಲಿಫಾಸ್ಫೇಟ್. ನೀರಿನ ಗಡಸುತನ ತೆಗೆಯುವುದಿಲ್ಲ, ಪೊರೆ ಗಟ್ಟಿಯಾಗಿ ಅಂಟುವುದನ್ನು ತಡೆಯುತ್ತದೆ. ಉಪಯೋಗ ಇದೆ, ಗುಂಡು ಕರಗಿದಾಗ ತುಂಬಿಸಬೇಕು ಅಷ್ಟೇ. ನಿಜವಾಗಿ ಮೆದು ಮಾಡುವುದು ಉಪ್ಪು ಹಾಕುವ ರೆಸಿನ್ ಸಾಫ್ಟ್‌ನರ್. ಮಳೆಗಾಲದಲ್ಲಿ ಅದೂ ಬೇಡ. ಸಾವಿರ ಚದರಡಿ ತಾರಸಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರ್ ಮೆದು ನೀರು. ಫ್ರಂಟ್ ಲೋಡ್‌ಗೆ ಅದು ಹತ್ತು ಒಗೆತಕ್ಕೂ ಜಾಸ್ತಿ. ಮೊದಲ ಮಳೆಯ ಧೂಳಿನ ನೀರು ಬಿಟ್ಟು ಉಳಿದದ್ದನ್ನು ಸೋಸಿ ಸಂಪಿಗೆ ಬಿಡಿ.

ಶ್ರೀನಿವಾಸಪುರ ಮಾವು

ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಹಳೇ ಫ್ರಂಟ್ ಲೋಡ್ ಮುಟ್ಟಿದರೆ ಜುಮ್ ಅನ್ನುತ್ತದೆ. ಬರಿಗಾಲಲ್ಲಿ ನಿಂತರೆ ಇನ್ನೂ ಜಾಸ್ತಿ. ಟೆಸ್ಟರ್ ಇಟ್ಟರೆ ಸಣ್ಣಗೆ ಉರಿಯುತ್ತದೆ. ಅಮ್ಮ ಚಪ್ಪಲಿ ಹಾಕಿಕೊಂಡೇ ಬಟ್ಟೆ ಹಾಕುತ್ತಾರೆ. ಬೋರ್ಡ್ ಬದಲಿಸಿ ಅಂತಾರೆ. ಹೌದಾ?

ಬೆಸ್ಕಾಂ ಲೈನ್ ಪಕ್ಕದ ಮನೆ

ತಮ್ಮಾ, ಮೊದಲು ಆ ಮೆಷಿನ್ ಪ್ಲಗ್ ಕಿತ್ತಿಡು. ಚಪ್ಪಲಿ ಪರಿಹಾರ ಅಲ್ಲ. ನಾನು ವೈರಿಂಗ್ ಕೆಲಸದವನು, ಇದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಮೆಷಿನ್ ಒಳಗೆ ವೈರ್ ಬರುವ ಕಡೆ ಒಂದು ನಾಯ್ಸ್ ಫಿಲ್ಟರ್ ಇರುತ್ತದೆ. ಅದರ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಬಾಡಿಗೆ ಸೇರಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಅಲ್ಲಿಂದ ಬರುವ ಅತಿ ಸಣ್ಣ ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಬಾಡಿ ಮೇಲೆ ಸುಮಾರು ಅರ್ಧ ವೋಲ್ಟೇಜ್ ನಿಲ್ಲುತ್ತದೆ, 110-115ರ ಹತ್ತಿರ. ಅದೇ ಜುಮ್. ಅಂದರೆ ಬಹುತೇಕ ಮೆಷಿನ್ ಕೆಟ್ಟಿಲ್ಲ, ಮನೆ ಅರ್ಥ್ ಕೆಟ್ಟಿದೆ. ಬೋರ್ಡ್ ಬದಲಿಸಿದರೂ ಜುಮ್ ಹಾಗೇ ಇರುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಭೂಮಿ ಒಣಗಿ ಬಿರುಕು ಬಿಡುತ್ತದೆ. ಅರ್ಥ್ ಗುಂಡಿಯ ಇದ್ದಿಲು ಉಪ್ಪು ಒಣಗಿದರೆ ಅರ್ಥ್ ಹೆಸರಿಗೆ ಮಾತ್ರ. ಗುಂಡಿಗೆ ನೀರು ಹಾಕಿ, ಕಂಬಿಗೆ ಬಿಗಿದ ನಟ್ಟು ತುಕ್ಕು ಹಿಡಿದಿದೆಯಾ ನೋಡಿಸು. ಆಮೇಲೂ ಜುಮ್ ಅಂದರೆ, ಅಥವಾ ಬಿಸಿ ನೀರಿನ ಪ್ರೋಗ್ರಾಂನಲ್ಲಿ ಮಾತ್ರ ಟ್ರಿಪ್ ಆದರೆ, ಆಗ ಹೀಟರ್ ನಿಜವಾಗಿ ಲೀಕ್ ಆಗುತ್ತಿರಬಹುದು. 2000 ವ್ಯಾಟ್ ಹೀಟರ್ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ ಸುಮಾರು 26 ಓಮ್ ಬರಬೇಕು. ತುದಿಗೂ ಅದರ ಲೋಹದ ಬಾಡಿಗೂ ನಡುವೆ ಏನೂ ತೋರಿಸಬಾರದು.

ಕರೆಂಟ್ ಲೀಕ್ ಆದ ಕೂಡಲೇ ಸಪ್ಲೈ ಕಡಿಯುವ 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿಸಿಬಿಡು. ಒಂದು ಸೀರೆ ಬೆಲೆಯಲ್ಲಿ ಅಮ್ಮನ ಜೀವಕ್ಕೆ ಕಾವಲು. ಮೂರು ಪಿನ್‌ನ 16 ಆಂಪ್ ಸಾಕೆಟ್ ಬಿಟ್ಟು ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಫ್ರಂಟ್ ಲೋಡ್ ಓಡಿಸಬೇಡಿ, ಇದು ಎಲ್ಲರಿಗೂ.

ಅಂತರಗಂಗೆ ರಸ್ತೆ

ಬಿಚ್ಚಿದ್ದಾಯಿತು. ಏನು ಕಂಡಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಲಿ.

ದೊಡ್ಡ ಬೇರಿಂಗ್‌ನ ಒಳ ಕಡೆ ರಬ್ಬರ್ ಮುಚ್ಚಳ ಪೂರ್ತಿ ಹೋಗಿದೆ, ಗುಂಡುಗಳು ಕಂದು ಬಣ್ಣಕ್ಕೆ ತಿರುಗಿವೆ, ಕೈಯಲ್ಲಿ ತಿರುಗಿಸಿದರೆ ಅಲ್ಲಲ್ಲಿ ನಿಲ್ಲುತ್ತದೆ. ಚಿಕ್ಕ ಬೇರಿಂಗ್ ಇನ್ನೂ ಚೆನ್ನಾಗಿದೆ, ಆದರೂ ಎರಡನ್ನೂ ಬದಲಿಸುತ್ತಿದ್ದೇವೆ. ಹಿತ್ತಾಳೆ ಬುಷ್ ಮೇಲೆ ಉಗುರು ಆಡಿಸಿದೆ, ನುಣುಪಾಗಿದೆ, ಸಿಟ್ರಿಕ್ ಬಟ್ಟೆಯಲ್ಲಿ ಒರೆಸಿದರೆ ಹೊಳೆಯುತ್ತದೆ. ನಂಬರ್ ಹೇಳಿದ ತಕ್ಷಣ ರಿವೈಂಡಿಂಗ್ ಅಂಗಡಿಯಲ್ಲಿ ಎರಡೂ ಬೇರಿಂಗ್ ಕೊಟ್ಟರು. ಆಯಿಲ್ ಸೀಲ್ ಮಾತ್ರ ಇಲ್ಲಿ ಸಿಗಲಿಲ್ಲ. ಬೆಂಗಳೂರಿಗೆ ಹೋಗುವ ನೆಂಟರ ಕೈಲಿ ಎಸ್.ಪಿ. ರಸ್ತೆ ಕಡೆ ಹುಡುಕಿಸುತ್ತಿದ್ದೇವೆ.

ಈಗ ಸ್ಪೈಡರ್. ಮೂರು ಕೈಗಳ ಸಂದಿನಲ್ಲಿ ಬೂದು ಬಣ್ಣದ ಕೆಸರು ತುಂಬಿಕೊಂಡಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆವು. ಎರಡು ಕೈ ಪರವಾಗಿಲ್ಲ. ಒಂದರಲ್ಲಿ, ಡ್ರಮ್‌ಗೆ ಬೋಲ್ಟ್ ಆಗುವ ತುದಿಯ ಹತ್ತಿರ, ಗೆದ್ದಲು ತಿಂದ ಹಾಗೆ ಚಿಕ್ಕ ಚಿಕ್ಕ ಗುಳಿ. ಪಿನ್ ಚುಚ್ಚಿದರೆ ಒಂದು ಗುಳಿಯಲ್ಲಿ ಸುಮಾರು ಎರಡು ಮಿ.ಮೀ. ಇಳಿಯುತ್ತದೆ. ಬಿರುಕು ಕಾಣುವುದಿಲ್ಲ. ಟಬ್ ತಳದಲ್ಲಿ ಒಂದು ಹಿಡಿ ಬಿಳಿ ಪೊರೆ, ಎರಡು ಹಳೇ ನಾಣ್ಯ, ಬ್ಲೌಸ್ ಹುಕ್ಕು.

ಇದನ್ನು ಹಾಗೇ ಹಾಕಬಹುದಾ, ಇಲ್ಲ ಸ್ಪೈಡರ್ ಹುಡುಕಬೇಕಾ?

ರಾಬರ್ಟ್‌ಸನ್‌ಪೇಟೆ ಫಿಟ್ಟರ್

ಬಹಳ ಚೆನ್ನಾಗಿ ನೋಡಿದ್ದೀರಿ ಅಕ್ಕ. ಬಿಚ್ಚದೆ ತೀರ್ಪು ಕೊಟ್ಟವರು ಇದನ್ನು ನೋಡಬೇಕಿತ್ತು.

ಆ ಕೈಯ ಮೇಲೆ ಸೀಮೆಸುಣ್ಣದ ಪುಡಿ ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿಸಿ, ತೆಳು ಸೀಮೆಎಣ್ಣೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ, ಸೀಮೆಸುಣ್ಣ ಬಳಿಯಿರಿ. ಬಿರುಕು ಇದ್ದರೆ ಎಣ್ಣೆ ಹೊರಗೆ ಇಣುಕಿ ಬಿಳಿ ಮೇಲೆ ಗೆರೆ ಕಾಣಿಸುತ್ತದೆ. ನಮ್ಮಪ್ಪ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿದ್ದವರು, 2001ರಲ್ಲಿ ಗಣಿ ಮುಚ್ಚುವವರೆಗೂ. ಹಗ್ಗದ ಚಕ್ರದ ಎರಕ ನೋಡಲು ಈ ವಿಧಾನ ಅಂತ ಹೇಳಿಕೊಟ್ಟವರು ಅವರೇ. ಎಣ್ಣೆ ಪೂರ್ತಿ ಒರೆಸಿದ ಮೇಲೆಯೇ ಮುಂದಿನ ಕೆಲಸ.

ಗೆರೆ ಬರದಿದ್ದರೆ ಇದನ್ನೇ ಹಾಕಿ. ಗುಳಿ ಇರುವ ಕೈಗೆ ಎಪಾಕ್ಸಿ ಹಚ್ಚಿ ಗಾಳಿ ನೀರು ತಾಗದ ಹಾಗೆ ಮುಚ್ಚಬಹುದು. ಅದರಿಂದ ಬಲ ಬರುವುದಿಲ್ಲ, ಸವೆತ ನಿಧಾನ ಆಗುತ್ತದೆ. ಸ್ಪಿನ್ ನಿಮಿಷಕ್ಕೆ 800 ಸುತ್ತು ದಾಟಿಸಬೇಡಿ, ಕಂಬಳಿ ಹಾಕಬೇಡಿ. ಗೆರೆ ಬಂದರೆ ವೆಲ್ಡಿಂಗ್ ಮಾಡಿಸಿ ಹಾಕುವ ಆಸೆ ಬೇಡ. ಸಾವಿರ ಸುತ್ತಿನಲ್ಲಿ ಕೈ ಮುರಿದರೆ ಡ್ರಮ್ ಟಬ್ಬನ್ನೇ ಸೀಳುತ್ತದೆ. ಆಗ ಸ್ಪೈಡರ್ ಸಿಕ್ಕರೆ ಸರಿ, ಸಿಗದಿದ್ದರೆ ಆ ಮೆಷಿನ್ ಮುಗಿಯಿತು ಅಂತ ಒಪ್ಪಿಕೊಳ್ಳಬೇಕು.

ಸೀಲ್ ತುಟಿಗೆ ನೀರಿಗೆ ಕರಗದ ಗ್ರೀಸ್ ತುಂಬಿ. ಎರಡು ಟಬ್ ನಡುವಿನ ರಬ್ಬರ್ ಹಗ್ಗ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ಚಿಂತಾಮಣಿ ಟೊಮೇಟೊ

ಪಾರ್ಟ್ ಬರಲ್ಲ ಅಂತ ಬಾಯಿಮಾತಿನಲ್ಲಿ ಹೇಳಿದರೆ ಸುಮ್ನೆ ಬರಬೇಡಿ, ಬರೆದು ಕೊಡಿ ಅಂತ ಕೇಳಿ. ಕೇಂದ್ರದ ಗ್ರಾಹಕ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಅಂತ ಪೋರ್ಟಲ್ ತೆರೆದಿದೆ, ಅದರಲ್ಲಿ ಕಂಪನಿಗಳು ರಿಪೇರಿ ವಿವರ ಹಾಕುತ್ತವೆ. ದೂರು ಇದ್ದರೆ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು.

ನನ್ನದು ಬೇರೆ ಪ್ರಶ್ನೆ. ಸೆಕೆಂಡ್ ಹ್ಯಾಂಡ್ ಫ್ರಂಟ್ ಲೋಡ್ ಒಂದು ಕಡಿಮೆಗೆ ಬಂದಿದೆ. ಓಡಿಸಿ ನೋಡಿದೆ. ಸದ್ದಿಲ್ಲ, ಸ್ಪಿನ್ ಚೆನ್ನಾಗಿದೆ. ಆದರೆ ಅವರ ಮನೆಯಲ್ಲಿ ನೀರು ತುಂಬಲು ಬಹಳ ಹೊತ್ತು ತೆಗೆದುಕೊಂಡು ಎರರ್ ತೋರಿಸಿ ನಿಲ್ಲುತ್ತದೆ. ಬೋರ್ಡ್ ಹೋಗಿದೆ, ಅದಕ್ಕೇ ಕಡಿಮೆಗೆ ಕೊಡುತ್ತಿದ್ದೇವೆ ಅನ್ನುತ್ತಾರೆ. ತೆಗೆದುಕೊಳ್ಳಲಾ?

ಮುಳಬಾಗಿಲು ದೋಸೆ

ಅವರ ಮನೆ ಮೇಲಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ? ಒಂದು ಮೀಟರ್ ಎತ್ತರಕ್ಕೆ 0.1 ಬಾರ್ ಒತ್ತಡ. ಎಷ್ಟೋ ಫ್ರಂಟ್ ಲೋಡ್‌ಗಳಿಗೆ ಕನಿಷ್ಠ 0.3 ಬಾರ್ ಬೇಕು, ಅಂದರೆ ಮೆಷಿನ್‌ನ ನೀರಿನ ವಾಲ್ವ್‌ನಿಂದ ಟ್ಯಾಂಕ್ ನೀರಿನವರೆಗೆ ಮೂರು ಮೀಟರ್. ಮೆಷಿನ್ ಮಹಡಿ ಮೇಲಿದ್ದು ಟ್ಯಾಂಕ್ ಅದರ ತಲೆ ಮೇಲೇ ಇದ್ದರೆ ಅಷ್ಟು ಬರುವುದಿಲ್ಲ.

ಚಿಂತಾಮಣಿ ಟೊಮೇಟೊ

ಹೌದು ಅಕ್ಕ! ಮೆಷಿನ್ ಮೊದಲನೇ ಮಹಡಿಯಲ್ಲಿದೆ. ಟ್ಯಾಂಕ್ ಅದೇ ತಾರಸಿ ಮೇಲೆ, ಕಲ್ಲು ಚಪ್ಪಡಿ ಮೇಲೆ ಇಟ್ಟಿದ್ದಾರೆ. ಬೋರ್ ನೀರು, ಮರಳು ಬರುತ್ತದೆ ಅಂತಲೂ ಹೇಳಿದರು.

ರಾಬರ್ಟ್‌ಸನ್‌ಪೇಟೆ ಫಿಟ್ಟರ್

ಹಾಗಿದ್ದರೆ ಅಕ್ಕ ಹೇಳಿದ್ದೇ ಸರಿ ಇರಬೇಕು. ಹೋಗುವಾಗ ಒಂದು ಪ್ಲೈಯರ್, ಒಂದು ಬಕೆಟ್ ಇಟ್ಟುಕೊಳ್ಳಿ. ನಲ್ಲಿ ನಿಲ್ಲಿಸಿ ಮೆಷಿನ್ ಹಿಂದಿನ ನೀರಿನ ಪೈಪ್ ಬಿಚ್ಚಿ. ವಾಲ್ವ್ ಬಾಯಲ್ಲಿ ಬೆರಳುಗುರಿನಷ್ಟು ಚಿಕ್ಕ ಜಾಲರಿ ಇರುತ್ತದೆ, ಪ್ಲೈಯರ್‌ನಲ್ಲಿ ಹಿಡಿದು ನೇರ ಎಳೆದರೆ ಬರುತ್ತದೆ. ಮರಳು ತುಂಬಿದ್ದರೆ ತೊಳೆದು ಹಾಕಿ. ಅದೇ ಪೈಪನ್ನು ಬಕೆಟ್‌ಗೆ ಬಿಟ್ಟು ನಲ್ಲಿ ತೆಗೆದು ನೀರಿನ ಧಾರೆ ನೋಡಿ, ಸಣ್ಣಗೆ ಬಂದರೆ ತೊಂದರೆ ಮನೆಯದು, ಮೆಷಿನ್‌ದಲ್ಲ.

ಜಾಲರಿ ತೊಳೆದ ಮೇಲೆ, ಒಳಗೆ ಸೋಪಿನ ಡ್ರಾಯರ್‌ನಿಂದ ಬಕೆಟ್‌ನಲ್ಲಿ ನೀರು ಸುರಿದು ಸ್ಟಾರ್ಟ್ ಮಾಡಿ. ಸಾಕಷ್ಟು ನೀರಾದ ಕೂಡಲೇ ಡ್ರಮ್ ತಿರುಗಲು ಶುರುವಾದರೆ ಬೋರ್ಡ್, ಪ್ರೆಷರ್ ಸ್ವಿಚ್ ಎರಡೂ ಸರಿ ಇವೆ. ಆಮೇಲೆ ಡ್ರೈನ್ ಕೊಟ್ಟು ನೋಡಿ. ನೀರು ಹೋಗದಿದ್ದರೆ ಮೊದಲು ಪ್ಲಗ್ ಕಿತ್ತು, ಕೆಳಗಿನ ಫಿಲ್ಟರ್ ಬಿಚ್ಚಿ ಪಂಪಿನ ಫ್ಯಾನ್ ಅನ್ನು ಬೆರಳಿನಲ್ಲಿ ತಿರುಗಿಸಿ. ಒಳಗೆ ಅಯಸ್ಕಾಂತ ಇರುವುದರಿಂದ ತಡೆದು ತಡೆದು ತಿರುಗುವುದು ಸಹಜ. ಸಲೀಸಾಗಿ ಗಿರ್ರನೆ ತಿರುಗಿದರೆ, ಇಲ್ಲ ಕದಲದಿದ್ದರೆ ಪಂಪ್ ಬದಲಿಸಬೇಕು, ಅದು ದೊಡ್ಡ ಮಾತಲ್ಲ.

ಬಾಗಿಲು ತಕ್ಷಣ ತೆರೆಯದಿದ್ದರೆ ಎಳೆಯಬೇಡಿ. ಹಳೇ ಲಾಕ್ ಒಳಗೆ ಬಿಸಿಯಾಗುವ ತುಣುಕು ಇರುತ್ತದೆ, ಆರಲು ಒಂದೆರಡು ನಿಮಿಷ ಬೇಕು. ಎಳೆದು ಹಿಡಿ ಮುರಿದವರೇ ಜಾಸ್ತಿ.

ಡ್ರಮ್ ಅಂಚು ಎತ್ತಿ ನೋಡುವ ಪರೀಕ್ಷೆ, ಟಬ್ ಸ್ಕ್ರೂ ಇದೆಯಾ ಬೆಸೆದಿದೆಯಾ ಅನ್ನುವುದು, ಇವೆರಡನ್ನೂ ಅವರ ಎದುರಿಗೇ ನೋಡಿ. ಎಲ್ಲ ಸರಿ ಇದ್ದರೆ ತೆಗೆದುಕೊಳ್ಳಿ. ಸಾಗಿಸುವ ಮುಂಚೆ, ಟಬ್ ಅಲ್ಲಾಡದ ಹಾಗೆ ಹಿಡಿಯುವ ಹಿಂದಿನ ಸಾಗಣೆ ಬೋಲ್ಟ್ ಇದೆಯಾ ಕೇಳಿ. ಇಲ್ಲ ಅಂದರೆ ಟಬ್ ಸುತ್ತ ಹಳೇ ಕಂಬಳಿ ಒತ್ತಿ ತುರುಕಿ, ಟಾಟಾ ಏಸ್‌ನಲ್ಲಿ ನಿಲ್ಲಿಸಿಕೊಂಡೇ ಬನ್ನಿ, ಮಲಗಿಸಬೇಡಿ. ನಿಮ್ಮ ಮನೆಯಲ್ಲಿ ಟ್ಯಾಂಕ್ ಎತ್ತರ ಇದ್ದರೆ ಅದರ ಎರರ್ ಮತ್ತೆ ಬರುವುದಿಲ್ಲ. ಬೋರ್ಡ್‌ಗೆ ಅಂತ ಅವರು ಇಳಿಸಿದ ದುಡ್ಡಿನಲ್ಲಿ ಮೊದಲು ನಲ್ಲಿಗೆ ಒಂದು ಒಳ್ಳೆ ಮರಳು ಫಿಲ್ಟರ್ ಹಾಕಿಸಿ.